ಅಪ್‌ಡೇಟ್: ಟಾರ್ಚ್ ಬ್ಯಾಟರಿಗಳ ರಾಶಿ ಕೊನೆಗೂ ಒಂದು ಹದಕ್ಕೆ ಬಂತು

ತೋಟಕ್ಕೆ ಒಯ್ಯುವ ಟಾರ್ಚ್‌ಗಳ ಹನ್ನೊಂದು 18650 ಬ್ಯಾಟರಿಗಳು (ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್‌ಗಳು) ಡ್ರಾಯರ್‌ನಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಬಿದ್ದಿವೆ, ಏನು ಮಾಡಲಿ ಎಂದು ಕೇಳಿದ್ದೆ. ಎಲ್ಲರೂ ಮೊದಲು ಬೈದಿರಿ. ಸರಿಯಾಗೇ ಬೈದಿರಿ. ಕೀಲಿಕೈ ತಾಗಿ ಶಾರ್ಟ್ ಆಗಿದ್ದರೆ ಕಥೆಯೇ ಬೇರೆ ಇತ್ತು.

ನೀವು ಹೇಳಿದಂತೆ ಮಲ್ಟಿಮೀಟರ್ ಹಿಡಿದು ಕೂತೆ. ಎಂಟು 3.6 ವೋಲ್ಟ್‌ಗಿಂತ ಮೇಲಿದ್ದವು. ಎರಡು 2 ವೋಲ್ಟ್ ಕೂಡ ಇರಲಿಲ್ಲ. ಹಾಗೆ ಪೂರ್ತಿ ಇಳಿದದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗುವ ಅಪಾಯ ಇದೆಯಲ್ವಾ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಎತ್ತಿಟ್ಟೆ. ಹನ್ನೊಂದನೆಯದರ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿತ್ತು! ಈ ಗಾತ್ರದಲ್ಲಿ ಒಳ್ಳೆಯ ಕಂಪನಿಯದೂ 3500ರ ಆಸುಪಾಸೇ. ಅದೂ ಹೊರಗೆ ಹೋಯಿತು.

ಒಂದರ ಹೊದಿಕೆ ಪಾಸಿಟಿವ್ ತುದಿಯ ಹತ್ತಿರ ಹರಿದಿತ್ತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಹೊದಿಕೆಯೊಳಗಿನ ಬ್ಯಾಟರಿಯ ಲೋಹದ ಮೈಯೇ ನೆಗೆಟಿವ್, ಅಲ್ಲಿ ಹರಿದರೆ ಪಾಸಿಟಿವ್‌ಗೆ ತಾಗಿ ಶಾರ್ಟ್ ಆಗಬಹುದು ಎಂದು ನಿಮ್ಮಿಂದ ತಿಳಿದ ಮೇಲೆ ಹೊಸ ಹೊದಿಕೆ ಹಾಕಿಸಿದೆ.

ಹೊಸ ಚಾರ್ಜರ್ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿಕೊಂಡು 4.2 ವೋಲ್ಟ್‌ಗೆ ನಿಲ್ಲಿಸುತ್ತದೆ. ಟೈಲ್ಸ್ ಮೇಲೆ ಇಟ್ಟು, ನಾನು ಎಚ್ಚರ ಇರುವಾಗ ಮಾತ್ರ ಹಾಕುತ್ತೇನೆ. ಉಳಿದವು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಚಾರ್ಜ್ ಆದವು ತಲೆ ಮೇಲೆ, ಖಾಲಿಯಾದವು ತಲೆಕೆಳಗೆ. ಈ ಉಪಾಯ ಅಮ್ಮನದು, ಅವರು ಮಸಾಲೆ ಡಬ್ಬಿಗಳನ್ನೂ ಹೀಗೇ ಇಡುತ್ತಾರೆ.

ಎರಡು ಬ್ಯಾಟರಿ ಬೇಕಾಗುವ ದೊಡ್ಡ ಟಾರ್ಚ್‌ಗೆ ಒಟ್ಟಿಗೆ ಕೊಂಡ ಜೋಡಿಯನ್ನೇ ‘ಅ1’, ‘ಅ2’ ಎಂದು ಗುರುತು ಮಾಡಿ ಇಟ್ಟಿದ್ದೇನೆ. ಮಳೆಗಾಲಕ್ಕೆ ಇನ್ನೂ ಒಂದು ಜೋಡಿ ತರಬೇಕು.