ಕಣ್ಣಿನ ವ್ಯಾಯಾಮ ಮಾಡಿದರೆ ಚಾಳೀಸು ಹೋಗುತ್ತದಾ?

ಚಿತ್ತಾರ_ಸಾಗರ:
ನನಗೆ 45 ವರ್ಷ. ಸಾಗರದ ಹತ್ತಿರದ ಹಳ್ಳಿ. ಹಸೆ ಚಿತ್ತಾರ ಬಿಡಿಸುತ್ತೇನೆ, ಈಗ ಗೋಡೆಗಿಂತ ಹಲಗೆ ಮೇಲೇ ಜಾಸ್ತಿ. ಕೆಮ್ಮಣ್ಣು ಬಳಿದು, ಪುಂಡಿ ನಾರಿನಿಂದ ಬಿಳಿ ಗೆರೆ ಎಳೆಯುವುದು. ಇತ್ತೀಚೆಗೆ ಸಂಜೆಯಾದರೆ ಪಕ್ಕಪಕ್ಕದ ಎರಡು ಗೆರೆ ಕಲಸಿಹೋದಂತೆ ಕಾಣುತ್ತವೆ. ಹಲಗೆ ದೂರ ಹಿಡಿದರೆ ಸರಿಯಾಗುತ್ತದೆ, ಆದರೆ ಅಷ್ಟು ದೂರಕ್ಕೆ ಕೈ ಎಟುಕಬೇಕಲ್ವಾ! ತಂಗಿ ಒಂದು ವಿಡಿಯೋ ಕಳಿಸಿದ್ದಾಳೆ. ಕಣ್ಣುಗುಡ್ಡೆ ಸುತ್ತ ತಿರುಗಿಸಿದರೆ ಸ್ನಾಯು ಗಟ್ಟಿಯಾಗಿ ಕನ್ನಡಕವೇ ಬೇಡವಂತೆ. ಯಾರಾದರೂ ಮಾಡಿದ್ದೀರಾ?

ತೋಟದ_ಮನೆ:
ನಾನು ದಿನಾ ಬೆಳಿಗ್ಗೆ ಮಾಡುತ್ತೇನೆ. ಕಣ್ಣು ಹಗುರ ಅನ್ನಿಸುತ್ತದೆ. ಕನ್ನಡಕ ಮಾತ್ರ ಮೂಗು ಬಿಟ್ಟು ಇಳಿದಿಲ್ಲ.

ಕನ್ನಡಕದಂಗಡಿ_ಶಿವಮೊಗ್ಗ:
ಕಣ್ಣು ಟೆಸ್ಟ್ ಮಾಡುವುದೇ ನನ್ನ ಕೆಲಸ. ಈ ವಿಡಿಯೋ ಹಿಡಿದುಕೊಂಡು ನಮ್ಮಲ್ಲಿಗೂ ಬರುತ್ತಾರೆ.

ಗುಡ್ಡೆ ತಿರುಗಿಸುವ ಸ್ನಾಯುಗಳು ಒಂದೊಂದು ಕಣ್ಣಿಗೆ 6. ಎದ್ದಾಗಿನಿಂದ ಮಲಗುವವರೆಗೆ ಅವಕ್ಕೆ ಬಿಡುವೇ ಇಲ್ಲ, ಬೇರೆ ಕಸರತ್ತು ಯಾಕೆ? ನಿಮ್ಮ ತೊಂದರೆ ಇರುವುದು ಒಳಗಿನ ಮಸೂರದಲ್ಲಿ. ಹತ್ತಿರದ್ದನ್ನು ನೋಡುವಾಗ ಸಿಲಿಯರಿ ಅನ್ನುವ ಇನ್ನೊಂದು ಸ್ನಾಯು ಬಿಗಿಯಾಗಿ, ಮಸೂರ ಉಬ್ಬಬೇಕು. 40 ದಾಟುವ ಹೊತ್ತಿಗೆ ಮಸೂರ ಗಡಸಾಗಿರುತ್ತದೆ. ಸ್ನಾಯು ಏನು ಮಾಡಿದರೂ ಮೊದಲಿನಷ್ಟು ಉಬ್ಬುವುದಿಲ್ಲ. ವ್ಯಾಯಾಮದಿಂದ ಕನ್ನಡಕ ಬಿಡಬಹುದು ಅನ್ನುವುದು ಹೊಸ ಮಾತೂ ಅಲ್ಲ. ಅಮೆರಿಕದ ಬೇಟ್ಸ್ ಅನ್ನುವ ಡಾಕ್ಟರು ಕನ್ನಡಕ ಬೇಡ ಅಂತ 1920ರಲ್ಲೇ ಪುಸ್ತಕ ಬರೆದಿದ್ದರು. ನೂರು ವರ್ಷ ಆಯ್ತು, ನಮ್ಮ ಅಂಗಡಿಗಳೇನೂ ಬಾಗಿಲು ಹಾಕಿಲ್ಲ.

ಹಾಗಂತ ವ್ಯಾಯಾಮವೆಲ್ಲ ದಂಡ ಅಂತಲ್ಲ. ಕೆಲವರಿಗೆ ಹತ್ತಿರ ನೋಡುವಾಗ ಎರಡು ಕಣ್ಣೂ ಸರಿಯಾಗಿ ಒಳಕ್ಕೆ ತಿರುಗುವುದಿಲ್ಲ, ಅಕ್ಷರ ಎರಡೆರಡು ಕಾಣುತ್ತದೆ. ಪೆನ್ಸಿಲ್ ತುದಿ ನೋಡುತ್ತಾ ಮೂಗಿನ ಕಡೆ ತರುವ ಅಭ್ಯಾಸ ಕೊಡುವುದು ಅವರಿಗೇ. ಗೊತ್ತಿರುವವರ ಕಣ್ಣೆದುರು ಕಲಿತು ಮಾಡಿದರೆ ಒಳ್ಳೆಯದು. ನೀವು ಒಂದು ಕಣ್ಣು ಮುಚ್ಚಿ ಗೆರೆ ನೋಡಿ. ಎರಡಿದ್ದದ್ದು ಒಂದಾದರೆ ಈ ತೊಂದರೆ ಇರಬಹುದು. ಆಗಲೂ ಮಸುಕೇ ಇದ್ದರೆ ಚಾಳೀಸು ಅಂತಲೇ ಅನುಮಾನ.

ಸಂಜೆ ಜಾಸ್ತಿ ಆಗುವುದು ಬೆಳಕು ಸಾಲದೆ. ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗೆ ಮಧ್ಯಾಹ್ನವೇ ಕತ್ತಲು ಅಲ್ವಾ. ಬಲಗೈಲಿ ಬಿಡಿಸುವವರಾದರೆ ಎಡಗಡೆ ದೀಪ ಇಡಿ, ಕೈ ನೆರಳು ಗೆರೆ ಮೇಲೆ ಬೀಳುವುದಿಲ್ಲ. 20 ನಿಮಿಷಕ್ಕೊಮ್ಮೆ ತಲೆ ಎತ್ತಿ, 20 ಅಡಿ ಆಚೆಗಿನ ಅಡಿಕೆ ಮರವನ್ನೋ ಏನನ್ನೋ 20 ಸೆಕೆಂಡ್ ನೋಡಿ. ರೆಪ್ಪೆ ಬಡಿಯಿರಿ. ನಂಬರ್ ಇಳಿಯುವುದಿಲ್ಲ, ಆಯಾಸ ಇಳಿಯುತ್ತದೆ.

ಟೆಸ್ಟಿಗೆ ಹೋಗುವ ಮೊದಲು ಕಣ್ಣಿಂದ ಹಲಗೆಗೆ ಎಷ್ಟು ದೂರ ಅಂತ ಅಳೆದುಕೊಂಡು ಹೋಗಿ. ಪೇಪರ್ ಓದುವ ದೂರಕ್ಕೆ ಕೊಟ್ಟ ಕನ್ನಡಕ ಚಿತ್ತಾರಕ್ಕೆ ಹೊಂದದೇ ಇರಬಹುದು. ಕಣ್ಣಿನ ಒತ್ತಡವನ್ನೂ ನೋಡಿಸಿ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಶುರುವಿನಲ್ಲಿ ಸಾಮಾನ್ಯವಾಗಿ ನೋವೂ ಕೊಡುವುದಿಲ್ಲ, ಗೊತ್ತೂ ಆಗುವುದಿಲ್ಲ.

ಚಿತ್ತಾರ_ಸಾಗರ:
ಒಂದು ಕಣ್ಣು ಮುಚ್ಚಿದರೂ ಮಸುಕೇ. ಅಳತೆ ತೆಗೆದೆ, 35 ಸೆಂಟಿಮೀಟರ್. ಮಗನಿಗೆ 9 ವರ್ಷ, ದಿನವಿಡೀ ಮೊಬೈಲು. ಅವನಿಗಾದರೂ ಈ ವ್ಯಾಯಾಮ ಹೇಳಿಕೊಡಲಾ?

ಕನ್ನಡಕದಂಗಡಿ_ಶಿವಮೊಗ್ಗ:
ಬೇಡ, ಸುಮ್ನೆ ಆಟಕ್ಕೆ ಹೊರಗೆ ಅಟ್ಟಿ. ಮಕ್ಕಳಲ್ಲಿ ಗುಡ್ಡೆಯೇ ಉದ್ದವಾಗಿ ದೂರದ್ದು ಮಸುಕಾಗುತ್ತದೆ. ದಿನಕ್ಕೆ 2 ಗಂಟೆ ಹೊರಗಿನ ಬೆಳಕಲ್ಲಿ ಇದ್ದರೆ ಅದು ಶುರುವಾಗುವ ಸಂಭವ ಕಮ್ಮಿ. ನಿಮ್ಮ ಜೊತೆಗೇ ಅವನ ಕಣ್ಣನ್ನೂ ಒಮ್ಮೆ ತೋರಿಸಿಬಿಡಿ.