ವಕೀಲರನ್ನು ಕೇಳಿ: ತಂತ್ರಾಂಶ, ನಕಲು ಮತ್ತು ಮಾತಿನ ಹಕ್ಕು

ನಿರ್ವಾಹಕ: ತಂತ್ರಾಂಶ ಪರವಾನಗಿ ಮತ್ತು ಕೃತಿಸ್ವಾಮ್ಯದ ಪ್ರಕರಣಗಳನ್ನು ಬಹುಕಾಲದಿಂದ ನಡೆಸುತ್ತಿರುವ ವಕೀಲೆಯೊಬ್ಬರು ಇಂದು ಗುಂಪಿನ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿಕೊಂಡು ಪ್ರಶ್ನೆ ಕೇಳಿ.

ವಿದ್ಯಾರ್ಥಿ: ಮೇಡಂ, ಕೋಡು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರೂ ನೋಡುವಂತೆ ಇಟ್ಟಿರುವ ಕೋಡನ್ನು ನನ್ನ ಪ್ರಾಜೆಕ್ಟಿಗೆ ಸೇರಿಸಿಕೊಳ್ಳಬಹುದೇ? ಅದರ ಜೊತೆ ಪರವಾನಗಿಯ ಕಡತವೇ ಇಲ್ಲ. ಪರವಾನಗಿ ಇಲ್ಲವೆಂದರೆ ನಿರ್ಬಂಧವೂ ಇಲ್ಲವೆಂದು ನಮ್ಮ ಸೀನಿಯರ್ ಹೇಳುತ್ತಾರೆ.

ವಕೀಲೆ: ನಿಮ್ಮ ಸೀನಿಯರ್ ಹೇಳಿದ್ದು ತಲೆಕೆಳಗಾಗಿದೆ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯ ಹುಟ್ಟಲು ನೋಂದಣಿಯಾಗಲಿ ಮುದ್ರೆಯಾಗಲಿ ಬೇಕಿಲ್ಲ. 1908ರ ಪರಿಷ್ಕರಣೆಯಿಂದಲೂ ಈ ನಿಯಮವಿದೆ. ಪರವಾನಗಿ ಎಂದರೆ ಬರೆದವರು ತಮ್ಮ ಹಕ್ಕಿನಲ್ಲಿ ಒಂದಿಷ್ಟನ್ನು ನಿಮಗೆ ಬಿಟ್ಟುಕೊಡುವ ಪತ್ರ, ಆ ಪತ್ರವಿಲ್ಲದಿದ್ದರೆ ಏನನ್ನೂ ಬಿಟ್ಟುಕೊಟ್ಟಿಲ್ಲವೆಂದೇ ಅರ್ಥ. ಬರೆದವರಿಗೆ ನಾಲ್ಕು ಸಾಲು ಬರೆದು ಕೇಳಿ. ಅನೇಕರು ಪರವಾನಗಿ ಹಾಕಲು ಮರೆತಿರುತ್ತಾರೆ, ಕೇಳಿದರೆ ಸಂತೋಷದಿಂದ ಹಾಕುತ್ತಾರೆ.

ಸಣ್ಣ ಸಂಸ್ಥೆಯ ಎಂಜಿನಿಯರ್: ಹಂಚಿದರೆ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಪ್ರೋಗ್ರಾಮೊಂದನ್ನು ತಿದ್ದಿ ನಮ್ಮ ಸರ್ವರಿನಲ್ಲಿಯೇ ಓಡಿಸುತ್ತಿದ್ದೇವೆ. ಗ್ರಾಹಕರು ಬ್ರೌಸರ್ ಮೂಲಕ ಬಳಸುತ್ತಾರೆ. ನಾವು ತಿದ್ದಿದ ಸೋರ್ಸ್ ಕೋಡನ್ನು ಅವರಿಗೆ ಕೊಡಲೇಬೇಕೇ?

ವಕೀಲೆ: ಬರಿಯ ಜಿಪಿಎಲ್ ಆಗಿದ್ದರೆ, ಪ್ರತಿಯನ್ನು ಇನ್ನೊಬ್ಬರ ಕೈಗೆ ದಾಟಿಸುವ ತನಕ ಕೊಡಬೇಕಿಲ್ಲ. ಅದರದೇ ಇನ್ನೊಂದು ರೂಪವಾದ 2007ರ ಎಜಿಪಿಎಲ್ ಆಗಿದ್ದರೆ, ಜಾಲದ ಮೂಲಕ ಬಳಸುವವರಿಗೂ ಕೊಡಬೇಕು. ಈ ಕಿಂಡಿಯನ್ನು ಮುಚ್ಚಲೆಂದೇ ಅದರ 13ನೆಯ ಕಲಮು ಇದೆ. ಪರವಾನಗಿಯ ಮೊದಲ ಸಾಲನ್ನು ಮತ್ತೊಮ್ಮೆ ನೋಡಿ, ಒಂದು ಅಕ್ಷರದ ಮೇಲೆ ನಿಮ್ಮ ಉತ್ತರ ನಿಂತಿದೆ.

ನಿವೃತ್ತ ಗ್ರಂಥಪಾಲಕಿ: ನಮಸ್ಕಾರ. ನನ್ನ ದೃಷ್ಟಿ ಬಹಳ ಮಂದವಾಗಿದೆ. ಹಣ ಕೊಟ್ಟು ಕೊಂಡ ಇ-ಪುಸ್ತಕಕ್ಕೆ ಬೀಗ ಹಾಕಿರುವುದರಿಂದ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅದು ತೆರೆದುಕೊಳ್ಳುವುದಿಲ್ಲ. ನನ್ನ ಉಪಯೋಗಕ್ಕಷ್ಟೇ ಆ ಬೀಗವನ್ನು ತೆಗೆಸಿಕೊಂಡರೆ ಅಪರಾಧವಾಗುತ್ತದೆಯೇ?

ಬೋಧಕ: ಮಾನ್ಯರೇ, ನಾನು ಪ್ರೋಗ್ರಾಮಿಂಗ್ ಕಲಿಸುವವನು. ನನ್ನ ವಿದ್ಯಾರ್ಥಿಗಳು ಬಳಸಲೇಬೇಕಾದ ಕಲಿಕಾ ಆ್ಯಪ್ ಒಂದರಲ್ಲಿ ‘ಮಾಹಿತಿ ಹಂಚಿಕೊಳ್ಳುವುದು ಬೇಡ’ ಎಂಬ ಆಯ್ಕೆಯಿದೆ. ಅದನ್ನು ಒತ್ತಿದ ಮೇಲೂ ಫೋನಿನಲ್ಲಿರುವ ಇತರ ಆ್ಯಪ್‌ಗಳ ಪಟ್ಟಿಯನ್ನು ಅದು 15 ನಿಮಿಷಕ್ಕೊಮ್ಮೆ ತನ್ನ ಸರ್ವರಿಗೆ ಕಳುಹಿಸುತ್ತಿರುವುದು ಕಣ್ಣಿಗೆ ಬಿತ್ತು. ಆ್ಯಪನ್ನು ಡಿಕಂಪೈಲ್ ಮಾಡಿ, ಅಂದರೆ ಅದರೊಳಗಿನ ಕೋಡನ್ನು ಓದಬಲ್ಲ ರೂಪಕ್ಕೆ ಮರಳಿ ತಂದು, ಆ ಕೆಲಸ ನಡೆಸುವ 40 ಸಾಲುಗಳನ್ನು ಎತ್ತಿ ತೋರಿಸಿ, ಗುಪ್ತನಾಮದಲ್ಲಿ ಲೇಖನ ಬರೆದೆ. ನಾಲ್ಕನೆಯ ದಿನ ಕಂಪನಿಯವರು ನನ್ನ ತಾಣವನ್ನು ತನ್ನ ಸರ್ವರಿನಲ್ಲಿ ಇಟ್ಟಿರುವ ಅಮೆರಿಕದ ಹೋಸ್ಟಿಂಗ್ ಸಂಸ್ಥೆಗೆ ಕೃತಿಸ್ವಾಮ್ಯದ ದೂರು ಕೊಟ್ಟರು. ಲೇಖನ ಪೂರ್ತಿ ಕಾಣೆಯಾಯಿತು. ಪ್ರತಿನೋಟಿಸು ಕೊಡಬಹುದಂತೆ, ಆದರೆ ಅದರಲ್ಲಿ ನನ್ನ ನಿಜವಾದ ಹೆಸರು ಮತ್ತು ವಿಳಾಸ ಕೇಳುತ್ತಿದ್ದಾರೆ. ಏನು ಮಾಡಲಿ?

ವಕೀಲೆ: ಇದಕ್ಕೆ ವಿವರವಾಗಿಯೇ ಬರೆಯಬೇಕು. ನಕಲನ್ನು ತಡೆಯಲು ಮಾಡಿದ ಕಾನೂನು ಮಾತನ್ನು ತಡೆಯಲು ಬಳಕೆಯಾಗುವುದನ್ನು ನಾನು ಆಗಾಗ ನೋಡುತ್ತಿದ್ದೇನೆ, ಮತ್ತು ಪ್ರತಿ ಸಲವೂ ಬರೆದವರು ತಪ್ಪು ಬಾಗಿಲನ್ನೇ ಮೊದಲು ತಟ್ಟುತ್ತಾರೆ.

ನಿಮಗೆ ಬಂದಿರುವುದು ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಡಿಯ ನೋಟಿಸು. ದೂರು ಬಂದ ತಕ್ಷಣ ತೆಗೆದುಹಾಕಿದರೆ ಹೋಸ್ಟಿಂಗ್ ಸಂಸ್ಥೆಯು ಹೊಣೆಯಿಂದ ಪಾರಾಗುತ್ತದೆ. ಆದ್ದರಿಂದ ಅದು ನಿಮ್ಮ ಲೇಖನವನ್ನು ಓದುವ ಗೋಜಿಗೂ ಹೋಗಿರಲಾರದು. ನೀವು ಪ್ರತಿನೋಟಿಸು ಕೊಟ್ಟರೆ, ದೂರುದಾರರು ಮೊಕದ್ದಮೆ ಹೂಡದಿದ್ದ ಪಕ್ಷದಲ್ಲಿ, 10ರಿಂದ 14 ಕೆಲಸದ ದಿನಗಳೊಳಗೆ ಲೇಖನ ಮರಳಿ ಬರಬೇಕು. ಕೇಳಲು ಸಲೀಸಾಗಿದೆ. ಆದರೆ ಎರಡು ಪತ್ರಗಳ ಭಾರ ಒಂದೇ ಅಲ್ಲ. ದೂರುದಾರರು ಪ್ರಮಾಣ ಮಾಡಿ ಹೇಳಬೇಕಾದದ್ದು ತಾವು ಹಕ್ಕುದಾರರ ಪರವಾಗಿ ಬರೆಯಲು ಅಧಿಕಾರವುಳ್ಳವರು ಎಂಬುದನ್ನಷ್ಟೇ, ಉಲ್ಲಂಘನೆಯಾಗಿದೆ ಎಂಬುದಕ್ಕೆ ಅವರ ಪ್ರಾಮಾಣಿಕ ನಂಬಿಕೆ ಸಾಕು. ನೀವಾದರೋ ತೆಗೆದದ್ದು ತಪ್ಪಿನಿಂದ ಎಂಬ ನಿಮ್ಮ ನಂಬಿಕೆಯನ್ನೇ ಪ್ರಮಾಣ ಮಾಡಿ ಹೇಳಬೇಕು, ಅಮೆರಿಕದ ಫೆಡರಲ್ ನ್ಯಾಯಾಲಯದ ಅಧಿಕಾರಕ್ಕೆ ಒಪ್ಪಿಕೊಳ್ಳಬೇಕು, ಮೇಲಾಗಿ ನಿಮ್ಮ ವಿಳಾಸವನ್ನು ಹೊತ್ತ ಆ ಪತ್ರ ನೇರವಾಗಿ ಕಂಪನಿಯ ಮೇಜಿಗೇ ಹೋಗುತ್ತದೆ. ಗುಪ್ತನಾಮದಲ್ಲಿ ಬರೆಯುವವರು ಇದನ್ನು ಅವಸರದಲ್ಲಿ ತುಂಬಬಾರದು.

ನಿಮ್ಮ ಪರವಾದ ಅಂಶಗಳೂ ಇವೆ. ಬರ್ನ್ ಒಪ್ಪಂದದ 10ನೆಯ ವಿಧಿಯು ನ್ಯಾಯಯುತವಾದ ಉಲ್ಲೇಖಕ್ಕೆ ಅವಕಾಶ ಕೊಡುತ್ತದೆ: ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು, ಮೂಲವನ್ನು ಹೇಳಿರಬೇಕು. ನ್ಯಾಯಯುತ ಬಳಕೆಯೋ (ಅನುಮತಿಯಿಲ್ಲದೆಯೂ ಕಾನೂನು ಒಪ್ಪುವ ಬಳಕೆ) ಅಲ್ಲವೋ ಎಂದು ಯೋಚಿಸದೆ ಇಂಥ ನೋಟಿಸು ಕಳುಹಿಸುವಂತಿಲ್ಲವೆಂದು ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿದೆ. ಆದರೂ ನನ್ನ ಸಲಹೆ ಬೇರೆ. ಆ ಆ್ಯಪ್ ಏನು ಕಳುಹಿಸುತ್ತಿದೆ ಎಂಬುದನ್ನು ತೋರಿಸಲು ಅವರ ಕೋಡು ನಿಮಗೆ ಬೇಕೇ? ಯಾವ ಹೊತ್ತಿಗೆ, ಯಾವ ಸರ್ವರಿಗೆ, ಏನು ಹೋಯಿತು ಎಂಬ ಜಾಲ ಸಂಚಾರದ ದಾಖಲೆ ಒಂದು ವಾಸ್ತವಾಂಶ, ಮತ್ತು ವಾಸ್ತವಾಂಶಕ್ಕೆ ಕೃತಿಸ್ವಾಮ್ಯವಿಲ್ಲ. ಆಯ್ಕೆಯನ್ನು ಒತ್ತುವ ಮೊದಲಿನ ದಾಖಲೆ ಮತ್ತು ನಂತರದ ದಾಖಲೆಯನ್ನು ಅಕ್ಕಪಕ್ಕದಲ್ಲಿಟ್ಟರೆ, ಪ್ರೋಗ್ರಾಮಿಂಗ್ ಬಾರದ ಪಾಲಕರಿಗೂ ವಿಷಯ ಗೊತ್ತಾಗುತ್ತದೆ.

ಡಿಕಂಪೈಲ್ ಮಾಡಿದ್ದು ಬೇರೆಯೇ ಪ್ರಶ್ನೆ. ತಂತ್ರಾಂಶದ ಬಗ್ಗೆ ಯುರೋಪ್ ಒಕ್ಕೂಟ ಮಾಡಿದ ಕಾನೂನು, ಬೇರೆ ಪ್ರೋಗ್ರಾಮಿನೊಡನೆ ಹೊಂದಿ ಕೆಲಸ ಮಾಡಿಸುವುದಕ್ಕಾಗಿ ಅದಕ್ಕೆ ಮಿತವಾದ ಅವಕಾಶ ಕೊಡುತ್ತದೆ, ಎಲ್ಲ ದೇಶಗಳಲ್ಲಿ ಹಾಗಿಲ್ಲ. ಬಳಕೆಯ ಕರಾರಿನಲ್ಲಿ ನೀವು ಏನನ್ನು ಒಪ್ಪಿದ್ದೀರಿ ಎಂಬುದನ್ನೂ ಓದಬೇಕು. ಈಗ ನೋಟಿಸಿನಲ್ಲಿ ಅವರು ನಿಖರವಾಗಿ ಯಾವುದನ್ನು ಗುರುತಿಸಿದ್ದಾರೆ ಎಂಬ ಭಾಗವನ್ನು, ಹೆಸರುಗಳನ್ನು ಅಳಿಸಿ, ಇಲ್ಲಿ ಹಾಕಿ.

ಮುಕ್ತ ತಂತ್ರಾಂಶ ಪ್ರೇಮಿ: ಗೂಗಲ್ ಕಂಪನಿಯು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸುಮಾರು 11,500 ಸಾಲುಗಳನ್ನು ನಕಲಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟು 2021ರಲ್ಲಿ ನ್ಯಾಯಯುತ ಬಳಕೆ ಎಂದಿತು. ಹಾಗಿರುವಾಗ 40 ಸಾಲಿಗೆ ಹೆದರಬೇಕೇ?

ವಕೀಲೆ: ಅವು ಘೋಷಣೆಯ ಸಾಲುಗಳು, ಅಂದರೆ ಕೆಲಸವನ್ನು ಹೆಸರಿಸುವಂಥವೇ ಹೊರತು ನಡೆಸುವಂಥವಲ್ಲ, ಮೊಕದ್ದಮೆ ಆರಂಭವಾದದ್ದು 2010ರಲ್ಲಿ. ಹನ್ನೊಂದು ವರ್ಷ ವಕೀಲರನ್ನು ಸಾಕುವ ಶಕ್ತಿ ಬೋಧಕರಿಗೆ ಇದೆಯೇ ಎಂದು ಮೊದಲು ಕೇಳಿ.

ವಿಡಿಯೊ ತಯಾರಕ: ಮೇಡಂ, ವಿಡಿಯೊದ ಕೆಳಗೆ ‘ಹಕ್ಕುಸ್ವಾಮ್ಯ ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಬರೆದು, ಹಾಡನ್ನು 30 ಸೆಕೆಂಡಿಗಿಂತ ಕಡಿಮೆ ಬಳಸಿದರೆ ಸಾಕಲ್ಲವೇ?

ವಕೀಲೆ: ಸಾಲದು. 30 ಸೆಕೆಂಡಿನ ನಿಯಮ ಎಂಬುದು ಯಾವ ಕಾಯ್ದೆಯಲ್ಲಿಯೂ ಇಲ್ಲ. ಉದ್ದೇಶವಿಲ್ಲ ಎಂದು ಬರೆಯುವುದರಿಂದ ಆಗುವ ಲಾಭ ಒಂದೇ: ಅದು ಬೇರೆಯವರದ್ದೆಂದು ನಿಮಗೆ ಗೊತ್ತಿತ್ತು ಎಂಬುದಕ್ಕೆ ಎದುರು ಪಕ್ಷಕ್ಕೆ ಲಿಖಿತ ಸಾಕ್ಷಿ ಸಿಗುತ್ತದೆ.

ಹಿತೈಷಿ: ಎಲ್ಲರ ಗಮನಕ್ಕೆ, ಬಂದಂತೆ ಕಳುಹಿಸುತ್ತಿದ್ದೇನೆ. ‘ನನ್ನ ಚಿತ್ರ, ಬರಹ ಯಾವುದನ್ನೂ ಬಳಸಲು ಈ ಜಾಲಕ್ಕೆ ಅನುಮತಿಯಿಲ್ಲ, ಉಲ್ಲಂಘಿಸಿದರೆ ರೋಮ್ ಶಾಸನದ ಪ್ರಕಾರ ಶಿಕ್ಷೆ’ ಎಂದು ನಿಮ್ಮ ಪುಟದಲ್ಲಿ ಹಾಕಿಕೊಂಡರೆ ರಕ್ಷಣೆ ಸಿಗುತ್ತದೆ. ಡೌನ್‌ಲೋಡ್ ಮಾಡಿದ ತಂತ್ರಾಂಶವನ್ನು 24 ಗಂಟೆಯೊಳಗೆ ಅಳಿಸಿದರೆ ಅಪರಾಧವಲ್ಲ. ಕೋಡಿನಲ್ಲಿ ಶೇ. 30ರಷ್ಟು ಬದಲಿಸಿದರೆ ಅದು ನಿಮ್ಮದೇ ಆಗುತ್ತದೆ.

ವಕೀಲೆ: ಮೂರೂ ಸುಳ್ಳು. ರೋಮ್ ಶಾಸನವು ನರಮೇಧ ಮತ್ತು ಯುದ್ಧಾಪರಾಧಗಳ ವಿಚಾರಣೆ ನಡೆಸುವ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ಒಪ್ಪಂದ, ನಿಮ್ಮ ಪ್ರೊಫೈಲ್ ಚಿತ್ರದ ಗೊಡವೆ ಅದಕ್ಕಿಲ್ಲ. ಖಾತೆ ತೆರೆಯುವಾಗ ಒಪ್ಪಿದ ಕರಾರನ್ನು ಆಮೇಲೆ ಗೋಡೆಯ ಮೇಲೆ ಬರೆದು ಬದಲಿಸಲಾಗದು. ಈ 24 ಗಂಟೆಯ ಮಾತನ್ನು ನಂಬಿ ಕಚೇರಿಯ ಕಂಪ್ಯೂಟರುಗಳಿಗೆಲ್ಲ ಕಳ್ಳ ಪ್ರತಿಯನ್ನು ಹಾಕಿದ ಕಕ್ಷಿದಾರರೊಬ್ಬರು ನನ್ನ ಮುಂದೆ ಕೂತು ಫಾರ್ವರ್ಡನ್ನೇ ದಾಖಲೆಯಾಗಿ ತೋರಿಸಿದ್ದರು. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಹಿತೈಷಿ: ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಹಾಕಿದೆ. ಇಷ್ಟು ಕಟುವಾಗಿ ಹೇಳುವ ಅಗತ್ಯವಿರಲಿಲ್ಲ.

ನಿವೃತ್ತ ಗ್ರಂಥಪಾಲಕಿ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿತೆಂದು ತೋರುತ್ತದೆ. ಬೀಗ ಹಾಕಿದ ಇ-ಪುಸ್ತಕದ ವಿಷಯ.

ಮುಕ್ತ ತಂತ್ರಾಂಶ ಪ್ರೇಮಿ: ಅಮ್ಮಾ, ದೃಷ್ಟಿ ಮಂದವಾದವರಿಗಾಗಿಯೇ 2013ರ ಮರಕೇಶ್ ಒಪ್ಪಂದವಿದೆ, 2016ರಿಂದ ಜಾರಿಯಲ್ಲಿದೆ. ಧೈರ್ಯವಾಗಿ ಬೀಗ ತೆಗೆಸಿ. ಬೀಗ ಹಾಕಿದವರದ್ದೇ ತಪ್ಪು. ಎಷ್ಟು ಸಲ ನಕಲಿಸಿದರೂ ಮೂಲ ಸವೆಯದ ವಸ್ತುವಿಗೆ ಬೇಲಿ ಹಾಕುವುದೇ ಅಸಂಬದ್ಧ.

ಛಾಯಾಗ್ರಾಹಕಿ: ಸವೆಯುವುದಿಲ್ಲವೇ? ಹನ್ನೆರಡು ರಾತ್ರಿ ಕಾದು ತೆಗೆದ ನನ್ನ ಒಂದು ಚಿತ್ರವನ್ನು ಕಂಪನಿಯೊಂದು ಕೇಳದೆ ಕ್ಯಾಲೆಂಡರಿಗೆ ಹಾಕಿಕೊಂಡಿತು. ಚಿತ್ರ ನನ್ನ ಬಳಿಯೇ ಇದೆ, ನಿಜ. ಆದರೆ ಅದನ್ನು ಕೊಳ್ಳಲು ಮಾತಾಡಿದ್ದವರು ‘ಎಲ್ಲೆಡೆ ಬಂದುಬಿಟ್ಟಿದೆ’ ಎಂದು ಹಿಂದೆ ಸರಿದರು. ಕಳ್ಳತನವನ್ನು ಕಳ್ಳತನವೆಂದೇ ಕರೆಯೋಣ.

ಮುಕ್ತ ತಂತ್ರಾಂಶ ಪ್ರೇಮಿ: ಕಾನೂನೇ ಹಾಗೆ ಕರೆಯುವುದಿಲ್ಲ. ಅನಧಿಕೃತವಾಗಿ ಮುದ್ರಿಸಿದ ಧ್ವನಿಮುದ್ರಿಕೆಗಳು ‘ಕದ್ದ ಮಾಲು’ ಅಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿದೆ. ಕ್ಯಾಲೆಂಡರ್ ಮಾಡಿದವರಿಗೂ, ಓದಲೆಂದು ಪ್ರತಿ ಮಾಡಿಕೊಂಡವರಿಗೂ ವ್ಯತ್ಯಾಸವಿದೆ.

ಛಾಯಾಗ್ರಾಹಕಿ: ಆ ವ್ಯತ್ಯಾಸವನ್ನು ತೀರ್ಮಾನಿಸುವವರು ಯಾವಾಗಲೂ ಪ್ರತಿ ಮಾಡಿಕೊಂಡವರೇ ಆಗಿರುತ್ತಾರೆ. ತಾವು ತಿಂಗಳ ಸಂಬಳ ಪಡೆದು ಸಂಜೆ ಉಚಿತವಾಗಿ ಕೋಡು ಬರೆಯುವವರು, ನನಗೆ ಸಂಬಳವೇ ಆ ಚಿತ್ರ.

ಮುಕ್ತ ತಂತ್ರಾಂಶ ಪ್ರೇಮಿ: ನನ್ನ ಸಂಬಳದ ವಿಚಾರ ಇಲ್ಲಿ ಅಪ್ರಸ್ತುತ. ಮುಕ್ತ ತಂತ್ರಾಂಶವೂ ಕೃತಿಸ್ವಾಮ್ಯದ ಮೇಲೆಯೇ ನಿಂತಿದೆ ಎಂಬುದನ್ನು ತಿಳಿದುಕೊಂಡು ಮಾತನಾಡಿದರೆ ಒಳ್ಳೆಯದು.

ಛಾಯಾಗ್ರಾಹಕಿ: ಹಾಗಾದರೆ ಒಂದು ನಿಮಿಷದ ಹಿಂದೆ ಅಸಂಬದ್ಧವಾಗಿದ್ದ ಬೇಲಿ ನಿಮ್ಮ ತೋಟಕ್ಕೆ ಬಂದಾಗ ಸರಿಹೋಯಿತೇ?

ನಿರ್ವಾಹಕ: ಇಬ್ಬರೂ ವೈಯಕ್ತಿಕ ಮಾತುಗಳನ್ನು ಬಿಡಿ.

ಹೊಸ ಸದಸ್ಯ: ಕೊಂಡ ಇ-ಪುಸ್ತಕವನ್ನು ಓದಿ ಮುಗಿಸಿ ಇನ್ನೊಬ್ಬರಿಗೆ ಮಾರಬಹುದೇ? ಹಾಗೆಯೇ, ಪರವಾನಗಿ ಇಲ್ಲದ ಗಿಟ್‌ಹಬ್ ಕೋಡನ್ನು ಬಳಸಬಹುದೇ?

ವಕೀಲೆ: ಯುರೋಪಿನ ನ್ಯಾಯಾಲಯ 2012ರಲ್ಲಿ ಡೌನ್‌ಲೋಡ್ ಮಾಡಿದ ತಂತ್ರಾಂಶದ ಪರವಾನಗಿಯ ಮರುಮಾರಾಟಕ್ಕೆ ಹೌದು ಎಂದಿತು, 2019ರಲ್ಲಿ ಇ-ಪುಸ್ತಕಕ್ಕೆ ಇಲ್ಲ ಎಂದಿತು. ಎರಡನೆಯದಕ್ಕೆ ಮೇಲೆ ಉತ್ತರಿಸಿದ್ದೇನೆ.

ಬೋಧಕ: ನೋಟಿಸಿನ ಭಾಗ ಇಲ್ಲಿದೆ. ‘ಉಲ್ಲಂಘನೆಯಾಗಿರುವ ವಸ್ತು: (1) ಲೇಖನದ ವಿಳಾಸ. (2) ಅದೇ ಲೇಖನದ ಕೊನೆಯ ಸಾಲಿನಲ್ಲಿರುವ ಡೌನ್‌ಲೋಡ್ ಕಡತದ ವಿಳಾಸ.’ ಎರಡನೆಯದು ಪಟ್ಟಿ ಕಳುಹಿಸುವ ಭಾಗವನ್ನು ಕಿತ್ತುಹಾಕಿ ನಾನು ಸಿದ್ಧಪಡಿಸಿದ ಆ್ಯಪ್. ವಿದ್ಯಾರ್ಥಿಗಳ ಹಿತಕ್ಕಾಗಿ ಮಾತ್ರ ಕೊಟ್ಟಿದ್ದೆ.

ವಕೀಲೆ: ಇದನ್ನು ನೀವು ಮೊದಲ ಪ್ರಶ್ನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು. ಪ್ರತಿನೋಟಿಸನ್ನು ತುಂಬಿ ಕಳುಹಿಸಿಲ್ಲವೆಂದು ಆಶಿಸುತ್ತೇನೆ.

ಲೇಖನದಲ್ಲಿ ಉಲ್ಲೇಖಿಸಿದ 40 ಸಾಲು ಬೇರೆ, ತಿದ್ದಿದ ಇಡೀ ಆ್ಯಪನ್ನು ಹಂಚುವುದು ಬೇರೆ. ಮೊದಲನೆಯದು ವಿಮರ್ಶೆ, ಎರಡನೆಯದು ಅವರ ತಂತ್ರಾಂಶದ ಪೂರ್ಣ ಪ್ರತಿ, ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ. 1999ರಲ್ಲಿ ಡಿವಿಡಿಯ ಬೀಗ ತೆರೆಯುವ ಡಿಇಸಿಎಸ್‌ಎಸ್ ಎಂಬ ಪ್ರೋಗ್ರಾಮು ಹೊರಬಂದಾಗ, ಪತ್ರಿಕೆಯೊಂದು ಅದನ್ನು ತನ್ನ ತಾಣದಲ್ಲಿ ಪ್ರಕಟಿಸಿತು, ನ್ಯಾಯಾಲಯ ತಡೆದ ಮೇಲೆ ಬೇರೆಡೆ ಸಿಗುವ ಪ್ರತಿಗಳಿಗೆ ಲಿಂಕು ಕೊಟ್ಟಿತು. 2001ರಲ್ಲಿ ಅಮೆರಿಕದ ಎರಡನೆಯ ಸರ್ಕ್ಯೂಟ್ ನ್ಯಾಯಾಲಯವು ಕೋಡು ಕೂಡ ಮಾತೇ ಎಂದು ಒಪ್ಪಿಕೊಂಡಿತು. ಆದರೆ ಅದು ಹೇಳುವುದರ ಜೊತೆಗೆ ಕೆಲಸವನ್ನೂ ಮಾಡುತ್ತದೆ, ಆ ಕೆಲಸವನ್ನು ನಿಯಂತ್ರಿಸಬಹುದು ಎಂದು ಹೇಳಿ, ಲಿಂಕಿನ ಮೇಲಿನ ತಡೆಯನ್ನೂ ಎತ್ತಿಹಿಡಿಯಿತು. ಅಲ್ಲಿನ ವಿವಾದ ಬೀಗದ್ದು, ನಿಮ್ಮದು ಪ್ರತಿಯದ್ದು. ಆದರೂ ಹೇಳುವುದು ಮತ್ತು ಕೆಲಸ ನಡೆಸುವುದು ಎಂಬ ಗೆರೆ ನಿಮ್ಮ ಲೇಖನದ ಕೊನೆಯ ಸಾಲಿನ ಮೇಲೆಯೇ ಹಾದುಹೋಗುತ್ತದೆ. ಅದರ ಮೇಲಿನ ಅಷ್ಟೂ ಸಾಲುಗಳ ಪರವಾಗಿ ನಾನು ವಾದಿಸಬಲ್ಲೆ. ಆ ಒಂದು ಸಾಲಿನಿಂದಾಗಿ ಕಂಪನಿಗೆ ಸಾಚಾ ದೂರೊಂದು ಸಿಕ್ಕಿತು, ಅದರ ಬೆನ್ನಿಗೆ ಲೇಖನವನ್ನೂ ಕಟ್ಟಿ ಕಳುಹಿಸಿದರು.

ಆದ್ದರಿಂದ ‘ತೆಗೆದದ್ದೆಲ್ಲ ತಪ್ಪಿನಿಂದ’ ಎಂದು ನೀವು ಪ್ರಮಾಣ ಮಾಡುವಂತಿಲ್ಲ. ಕಡತವನ್ನು ಎಲ್ಲ ಕಡೆಯಿಂದ ತೆಗೆಯಿರಿ. ಲೇಖನವನ್ನು ಜಾಲ ಸಂಚಾರದ ದಾಖಲೆಯ ಆಧಾರದ ಮೇಲೆ ಹೊಸದಾಗಿ ಬರೆಯಿರಿ.

ಬೋಧಕ: ತಾವು ಕಂಪನಿಯ ಪರವಾಗಿ ಮಾತನಾಡುತ್ತಿರುವಂತೆ ಕೇಳಿಸುತ್ತಿದೆ. ಮಕ್ಕಳ ಫೋನಿನಲ್ಲಿ ಇಣುಕುವವರು ಅವರು, ಅಪರಾಧಿಯಾಗಿ ನಿಂತಿರುವವನು ನಾನು.

ವಕೀಲೆ: ನಿಮ್ಮ ಪರವಾಗಿ ಮಾತನಾಡುವವರು ನಿಮಗೆ ಹಿತವಾದದ್ದನ್ನೇ ಹೇಳಬೇಕೆಂದಿದ್ದರೆ ಮೇಲಿನ ಫಾರ್ವರ್ಡನ್ನು ಓದಿ. ಇಲ್ಲಿ ಅರ್ಧ ಸಂಗತಿಯನ್ನು ಮುಚ್ಚಿಟ್ಟವರು ನೀವು.

ಹಿತೈಷಿ: ನನ್ನನ್ನು ಮತ್ತೆ ಎಳೆಯುವ ಅವಶ್ಯಕತೆ ಏನಿತ್ತು?

ವಿಡಿಯೊ ತಯಾರಕ: 30 ಸೆಕೆಂಡು ಆಗದಿದ್ದರೆ 10 ಸೆಕೆಂಡು ಆಗಬಹುದೇ?

ವಕೀಲೆ: ಗಡಿಯಾರದಿಂದ ಅಳೆಯುವಂಥದ್ದಲ್ಲ ಎಂದರ್ಥ.

ನಿವೃತ್ತ ಗ್ರಂಥಪಾಲಕಿ: ಮರಕೇಶ್ ಒಪ್ಪಂದದ ಬಗ್ಗೆ ತಿಳಿಸಿದವರಿಗೆ ವಂದನೆಗಳು. ಅದು ಬೀಗ ತೆಗೆಯಲು ನನಗೆ ಅನುಮತಿ ಕೊಡುತ್ತದೆಯೋ, ಸಂಸ್ಥೆಗಳಿಗೆ ಮಾತ್ರವೋ ಎಂಬುದನ್ನು ಮೇಡಂ ಹೇಳಿದ್ದರೆ ಒಳ್ಳೆಯದಿತ್ತು.

ಬೋಧಕ: ಕಡತವನ್ನು ತೆಗೆದಿದ್ದೇನೆ. ಆಯ್ಕೆ ಒತ್ತುವ ಮೊದಲಿನ ಒಂದು ಗಂಟೆಯ ಮತ್ತು ನಂತರದ ಒಂದು ಗಂಟೆಯ ದಾಖಲೆ ನನ್ನ ಬಳಿ ಇದೆ, ಎರಡರಲ್ಲಿಯೂ ನಾಲ್ಕು ನಾಲ್ಕು ಸಲ ಪಟ್ಟಿ ಹೋಗಿದೆ. ಇದನ್ನು ಹಾಗೆಯೇ ಪ್ರಕಟಿಸಬಹುದೇ?

ವಕೀಲೆ: ಹಾಗೆಯೇ ಬೇಡ. ಪ್ರತಿಯೊಂದು ಕಳುಹಿಕೆಯ ತಲೆಯಲ್ಲಿಯೂ ಫೋನಿನ ಗುರುತಿನ ಸಂಖ್ಯೆ ಇರುವ ಸಂಭವವಿದೆ, ಹೊತ್ತು ಸೆಕೆಂಡಿನ ತನಕ ದಾಖಲಾಗಿರುತ್ತದೆ. ಅವೇ ಎಂಟು ಕಳುಹಿಕೆಗಳು ಕಂಪನಿಯ ಸರ್ವರಿನಲ್ಲಿಯೂ ಕೂತಿವೆ, ಹೋಲಿಸಿ ನೋಡಿದರೆ ಖಾತೆ ಯಾರದ್ದೆಂದು ಅವರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಸಂಖ್ಯೆಯನ್ನು ಮುಚ್ಚಿ, ಹೊತ್ತಿನ ಬದಲು ನಡುವಿನ ಅಂತರವನ್ನಷ್ಟೇ ತೋರಿಸಿ. ಮೊದಲ ಲೇಖನದಲ್ಲಿ ತೆರೆಯ ಚಿತ್ರಗಳನ್ನು ಹಾಕಿದ್ದರೆ ಅವುಗಳಲ್ಲಿ ಏನೇನು ಕಾಣುತ್ತಿತ್ತು ಎಂಬುದನ್ನು ಇಂದೇ ನೋಡಿಕೊಳ್ಳಿ.