ಒಂದನೇ ತಾರೀಖಿನಿಂದ ಮೆಡಿಕಲ್ ಸ್ಟೋರಲ್ಲೇ ಚಿಕಿತ್ಸೆಯಂತೆ

(ಡಿ.ಫಾರ್ಮ, ಅಂದರೆ ಫಾರ್ಮಸಿ ಡಿಪ್ಲೊಮಾ ಓದಿದ ಗೆಳೆಯರ ವಾಟ್ಸಾಪ್ ಬಳಗ, ಬೆಂಗಳೂರು)

ನಾಗರಾಜ ಮತ್ತೀಕೆರೆ: [ಹಲವು ಬಾರಿ ಫಾರ್ವರ್ಡ್ ಆಗಿದೆ]
ಬೆಂಗಳೂರಿಗರಿಗೆ ಶುಭ ಸುದ್ದಿ!! ಬರುವ ಒಂದನೇ ತಾರೀಖಿನಿಂದ ಎಲ್ಲ ಮೆಡಿಕಲ್ ಸ್ಟೋರ್‌ಗಳಲ್ಲಿ ಬಿಪಿ, ಶುಗರ್, ಲಸಿಕೆ ಉಚಿತ. ಗಂಟಲು ನೋವು, ಕಿವಿ ನೋವು, ಉರಿಮೂತ್ರ ಸೇರಿ 7 ಕಾಯಿಲೆಗೆ ಡಾಕ್ಟರ್ ಚೀಟಿ ಬೇಡ. ಫಾರ್ಮಸಿಸ್ಟೇ ಆಂಟಿಬಯೋಟಿಕ್ ಕೊಡುತ್ತಾರೆ. ಆಧಾರ್ ತೋರಿಸಿದರೆ ಸಾಕು. ಎಲ್ಲರಿಗೂ ತಲುಪಿಸಿ.

ನಾಗರಾಜ ಮತ್ತೀಕೆರೆ: ಕೊನೆಗೂ ನಮ್ಮ ವೃತ್ತಿಗೆ ಮರ್ಯಾದೆ ಬಂತು ನೋಡ್ರಪ್ಪ. ಯಾವತ್ತಿಂದ ಹೇಳ್ತಾ ಇದ್ದೆ ನಾನು.

ಮಂಜ: ಸೂಪರ್ ಮಗಾ. ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೆ, ಎಲ್ರೂ ಖುಷಿಯಾಗಿದ್ದಾರೆ.

ಲೋಕೇಶ: ಆದೇಶದ ಪ್ರತಿ ಎಲ್ಲಿ? ಯಾವ ಇಲಾಖೆ, ಏನು ನಂಬರು? ಯಾವ ತಿಂಗಳ ಒಂದನೇ ತಾರೀಖು ಅಂತಾನೂ ಇಲ್ವಲ್ಲ.

ನಾಗರಾಜ ಮತ್ತೀಕೆರೆ: ನಿಂಗೆ ಎಲ್ಲದಕ್ಕೂ ಸರ್ಕ್ಯುಲರ್ ಬೇಕು. ಅಂಗಡಿಯೋರ ಗ್ರೂಪಲ್ಲಿ ಬಂತು, ಹಾಕಿದೆ.

ಶೋಭಾ ಲೆಸ್ಟರ್: ನಾಗರಾಜ, ಆ 7 ಕಾಯಿಲೆ ನಮ್ಮ ಇಂಗ್ಲೆಂಡಿನ ಪಟ್ಟಿ ಕಣೋ. ಫಾರ್ಮಸಿ ಫಸ್ಟ್ ಅಂತ ಯೋಜನೆ, 2024ರ ಜನವರಿ 31ಕ್ಕೆ ಶುರುವಾಯ್ತು. ಸೈನಸ್, ಗಂಟಲು ನೋವು, ಮಕ್ಕಳ ಕಿವಿ ನೋವು, ಹುಳ ಕಚ್ಚಿ ಸೋಂಕಾಗಿದ್ದು, ಇಂಪೆಟೈಗೊ ಅನ್ನೋ ಚರ್ಮದ ಸೋಂಕು, ಸರ್ಪಸುತ್ತು, ಹೆಂಗಸರ ಉರಿಮೂತ್ರ. ಒಂದೊಂದಕ್ಕೂ ವಯಸ್ಸಿನ ಮಿತಿ ಇದೆ. ಕಿವಿಗೆ 1ರಿಂದ 17 ವರ್ಷ. ಉರಿಮೂತ್ರಕ್ಕೆ 16ರಿಂದ 64, ಗರ್ಭಿಣಿ ಆಗಿರಬಾರದು. ಸಾಮಾನ್ಯವಾಗಿ ನೈಟ್ರೋಫ್ಯೂರಾಂಟೊಯಿನ್ ಅನ್ನೋ ಆಂಟಿಬಯೋಟಿಕ್, 3 ದಿನ. ಚಳಿಜ್ವರ, ಪಕ್ಕೆ ನೋವು ಇದ್ರೆ ಸೋಂಕು ಕಿಡ್ನಿಗೆ ಏರಿರಬಹುದು, ಆಗ ಕೌಂಟರಲ್ಲಿ ಮಾತ್ರೆ ಕೊಡೋ ಹಾಗೇ ಇಲ್ಲ, ಅವತ್ತೇ ಡಾಕ್ಟರ ಹತ್ರ ಕಳಿಸ್ಬೇಕು.

ಶೋಭಾ ಲೆಸ್ಟರ್: ಗಂಟಲು ನೋವು ಅಂದೋರಿಗೆಲ್ಲ ಆಂಟಿಬಯೋಟಿಕ್ ಅಲ್ಲ. ಐದು ಪ್ರಶ್ನೆ. ಹಿಂದಿನ 24 ಗಂಟೇಲಿ ಜ್ವರ ಇತ್ತಾ, ಟಾನ್ಸಿಲ್ ಮೇಲೆ ಕೀವಿದೆಯಾ, ಶುರುವಾಗಿ 3 ದಿನದೊಳಗೇ ಬಂದ್ರಾ, ಟಾನ್ಸಿಲ್ ತುಂಬ ಕೆಂಪಗೆ ಊದಿದೆಯಾ, ಕೆಮ್ಮು-ನೆಗಡಿ ಇಲ್ವಾ. ಒಂದೊಂದಕ್ಕೆ ಒಂದು ಅಂಕ. 4 ಅಥವಾ 5 ಬಂದು, ನೋವೂ ಜೋರಾಗಿದ್ರೆ ಆಗ ಪೆನಿಸಿಲಿನ್ ಮಾತು. ಉಳಿದೋರಿಗೆ ನೋವಿನ ಮಾತ್ರೆ, ಮತ್ತೆ ಯಾವಾಗ ಬರಬೇಕು ಅನ್ನೋ ತಿಳಿವಳಿಕೆ. ಬಿಪಿ ನೋಡೋದು ಬೇರೆ ಯೋಜನೆ, 40 ದಾಟಿದವರಿಗೆ.

ಲೋಕೇಶ: ಮುಗೀತಲ್ಲ. ಯಾರೋ ಅಲ್ಲಿನ ಸುದ್ದಿಗೆ ಬೆಂಗಳೂರು ಅಂತ ಸೇರಿಸಿ ಆಧಾರ್ ಅಂಟಿಸಿದ್ದಾರೆ.

ನಾಗರಾಜ ಮತ್ತೀಕೆರೆ: ಏನು ಮುಗೀತು? ಅಲ್ಲಿ ಆಗೋದು ಇಲ್ಲಿ ಯಾಕಾಗಬಾರದು? ಜನ ಮೊದಲು ಬರೋದು ನಮ್ಮ ಕೌಂಟರಿಗೇ.

ಶಿವಣ್ಣ ಸರ್: ಆತ್ಮೀಯ ವಿದ್ಯಾರ್ಥಿಗಳೇ, ಚೀಟಿಯನ್ನು ಎರಡು ಸಲ ಓದದೆ ಔಷಧಿ ಕೊಡಬೇಡಿ ಎಂದು ಕಲಿಸಿದ್ದೆ. ಸಂದೇಶಕ್ಕೂ ಅದೇ ನಿಯಮ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು. ಚೀಟಿ ಬರೆಯುವ ಅಧಿಕಾರ ನಮಗೆ ಅದರಲ್ಲಿ ಇಲ್ಲ. ಹಿರಿಯರಾಗಿ ನೀವೇ ಹೀಗೆ ಹಂಚಿದರೆ ಕಿರಿಯರಿಗೆ ಏನು ಹೇಳುವುದು?

ಮಂಜ: ಸರ್ ನಮಸ್ಕಾರ. ನಿಮ್ಮ ಡಿಸ್ಪೆನ್ಸಿಂಗ್ ಲ್ಯಾಬ್ ನೆನಪಾಯ್ತು. ಎಣ್ಣೆ-ನೀರು ಬೆರೆಸಿ ಮಾಡೋ ಹರಳೆಣ್ಣೆ ಎಮಲ್ಷನ್, ಎಣ್ಣೆ 4, ನೀರು 2, ಗೋಂದು 1. ಲೋಕೇಶಂದು ಒಡೆದು ಎಣ್ಣೆ ಮೇಲೆ ತೇಲಿತ್ತು. ಆಮೇಲೆ ಎಲ್ಲ ಬೈಟು ಕಾಫಿಗೆ ಹೋಗ್ತಿದ್ವಿ. ಎಂಥಾ ದಿನ ಸರ್ ಅವು.

ಲೋಕೇಶ: ಒಡೆದದ್ದು ನಾಗರಾಜಂದು. ನೀರು ಒಂದೇ ಸಲ ಸುರಿದು ಚಟಪಟ ಸದ್ದು ಬರೋವರೆಗೂ ಅರೀಬೇಕಿತ್ತು. ಅವನು ಸ್ವಲ್ಪಸ್ವಲ್ಪ ಹಾಕಿದ.

ನಾಗರಾಜ ಮತ್ತೀಕೆರೆ: ಅದನ್ನ ಇನ್ನೂ ಬಿಟ್ಟಿಲ್ವಾ ನೀನು?

ಲೋಕೇಶ: ಬಿಡು. ನೀನು ಕೇಳಿದ್ದಕ್ಕೆ ಬರ್ತೀನಿ. ಇಲ್ಲಿ ಯಾಕಾಗಲ್ಲ ಅಂದ್ರೆ, ಎಷ್ಟೋ ಕಡೆ ಗೋಡೆ ಮೇಲೆ ಇರೋ ಸರ್ಟಿಫಿಕೇಟಿನ ಮನುಷ್ಯ ಅಂಗಡೀಲಿ ಇರಲ್ಲ. ತಿಂಗಳ ಬಾಡಿಗೆ ತಗೊಂಡು ಇನ್ನೆಲ್ಲೋ ಕೆಲಸ ಮಾಡ್ತಿರ್ತಾನೆ. ಕೌಂಟರಲ್ಲಿ ಇರೋ ಹುಡುಗ ಆ ಐದು ಪ್ರಶ್ನೆ ಕೇಳ್ತಾನಾ?

ನಾಗರಾಜ ಮತ್ತೀಕೆರೆ: ಇದು ಯಾರಿಗೆ ಹೇಳಿದ್ದು? ಬೆಳಗ್ಗೆ ಶಟರ್ ಎತ್ತೋದೂ ನಾನೇ, ರಾತ್ರಿ ಎಳೆಯೋದೂ ನಾನೇ. ಸೆಫಿಕ್ಸಿಮ್ ಆಂಟಿಬಯೋಟಿಕ್ ಒಂದು ಸ್ಟ್ರಿಪ್ ಹೋದ್ರೂ ಅಂಥ ಔಷಧಿಗೇ ಅಂತ ಇಡೋ ಎಚ್1 ರಿಜಿಸ್ಟರಲ್ಲಿ ಡಾಕ್ಟರ ಹೆಸರು ವಿಳಾಸ, ರೋಗಿ ಹೆಸರು, ಔಷಧಿ, ಎಷ್ಟು ಕೊಟ್ಟೆ, ಎಲ್ಲ ಇರುತ್ತೆ. 3 ವರ್ಷದ್ದು ಬಂದು ನೋಡು. ಹೋದ ಗೆಟ್‌ಟುಗೆದರಲ್ಲೂ ಊಟದ ಮಧ್ಯೆ ಹೀಗೇ ಅಂದಿದ್ದೆ.

ಫಾತಿಮಾ: ಇಬ್ರೂ ಸ್ವಲ್ಪ ನಿಲ್ಲಿಸಿ. ನಾಗರಾಜ ಕೇಳಿದ್ದರಲ್ಲಿ ಅರ್ಥ ಇದೆ. ಆದೇಶ ಬರದೇನೇ ಇವತ್ತು ಮೆಡಿಕಲ್ ಸ್ಟೋರ್ ಮಾಡಬಹುದಾದ ದೊಡ್ಡ ಕೆಲಸ ಟಿಬಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿದಿದೆ ಅಂತ ಬಂದೋರಿಗೆ ಸಿರಪ್ ಕೊಟ್ಟು ಕಳಿಸೋ ಬದಲು ಕಫ ಪರೀಕ್ಷೆ ಮಾಡಿಸಿ ಅಂತ ಹೇಳಿ ಕಳಿಸಿ. ಸರ್ಕಾರಿ ಕೇಂದ್ರದಲ್ಲಿ ಉಚಿತ. ಮುಖ್ಯವಾಗಿ ಲೀವೋಫ್ಲಾಕ್ಸಾಸಿನ್ ಆಂಟಿಬಯೋಟಿಕ್ ಕೊಡಬೇಡಿ. ಅದು ಟಿಬಿ ಬ್ಯಾಕ್ಟೀರಿಯಾನೂ ಅರ್ಧಂಬರ್ಧ ತಗ್ಗಿಸುತ್ತೆ. ನಾಲ್ಕು ದಿನ ವಾಸಿಯಾದ ಹಾಗೆ ಕಾಣುತ್ತೆ, ಪರೀಕ್ಷೇಲಿ ಸಿಗದೇ ಹೋಗಬಹುದು, ಆ ಔಷಧಿಗೇ ರೋಗ ಬಗ್ಗದ ಹಾಗೂ ಆಗಬಹುದು. ಟಿಬಿ ಔಷಧಿ ಮಾರೋ ಅಂಗಡಿ ರೋಗಿಯ ವಿವರ ತಿಳಿಸಲೇಬೇಕು ಅಂತ 2018ರ ಮಾರ್ಚಲ್ಲೇ ಗೆಜೆಟ್ ಆಗಿದೆ. ಸರ್ಕಾರದ ಟಿಬಿ ಸಹಾಯವಾಣಿ ನಿಕ್ಷಯ್, 1800-11-6666.

ನಾಗರಾಜ ಮತ್ತೀಕೆರೆ: ಇದು ಮಾತು. ಬಿಪಿ ಮಷಿನ್ ಇಡೋದು ತಪ್ಪಾ ಹೇಳಿ ಹಾಗಾದ್ರೆ.

ಲೋಕೇಶ: ಇಡೋದು ತಪ್ಪಲ್ಲ. ಬಿಸಿಲಲ್ಲಿ ನಡ್ಕೊಂಡು ಬಂದೋರನ್ನ ಕೌಂಟರ್ ಮುಂದೆ ನಿಲ್ಲಿಸಿ, ತೋಳಿನ ಬಟ್ಟೆ ಮೇಲೇ ಕಫ್ (ಮಷಿನ್ನಿನ ತೋಳುಪಟ್ಟಿ) ಕಟ್ಟಿ ನೋಡೋದು ತಪ್ಪು. ಬೆನ್ನಿಗೆ ಆಸರೆ ಇರೋ ಕುರ್ಚಿ ಬೇಕು. 5 ನಿಮಿಷ ಸುಮ್ಮನೆ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ. ತೋಳು ಎದೆ ಮಟ್ಟಕ್ಕೆ ಮೇಜಿನ ಮೇಲೆ. ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಆಗಿರಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ನೋಡುವಾಗ ಮಾತಾಡಿಸಬಾರದು. ಮಷಿನ್ ಜೊತೆ ಬರೋ ಕಫ್ ಹೆಚ್ಚಾಗಿ 22ರಿಂದ 32 ಸೆಂ.ಮೀ. ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದ್ರೆ ಇಲ್ಲದ ಬಿಪಿ ತೋರಿಸುತ್ತೆ. ದೊಡ್ಡ ಕಫ್ ಬೇರೆ ತಗೋಬೇಕು. ಒಂದು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ನೋಡಿ, ಕೊನೇ ಎರಡರ ಸರಾಸರಿ ಬರಿ.

ನಾಗರಾಜ ಮತ್ತೀಕೆರೆ: 140/90 ದಾಟಿದ್ರೆ?

ಲೋಕೇಶ: ಇನ್ನೊಂದು ದಿನ ಮತ್ತೆ ನೋಡು. ಆಗಲೂ ಅಷ್ಟೇ ಇದ್ರೆ ಎರಡೂ ದಿನದ್ದು ಬರೆದುಕೊಟ್ಟು ಡಾಕ್ಟರ ಹತ್ರ ಕಳಿಸು, ದುಡ್ಡಿಲ್ಲದೋರಿಗೆ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ. ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆ, ಫಿನೈಲೆಫ್ರಿನ್ ಇರೋ ನೆಗಡಿ ಮಾತ್ರೆ ನುಂಗ್ತಿದ್ದಾರಾ ಕೇಳು, ಎರಡೂ ಬಿಪಿ ಏರಿಸಬಹುದು. 180/120 ಇದ್ದು ಎದೆನೋವೋ ಉಸಿರಾಟದ ತೊಂದರೆಯೋ ತೊದಲು ಮಾತೋ ಇದ್ರೆ ಎರಡನೇ ಯೋಚನೆ ಬೇಡ, 108. ಇದಕ್ಕಿಂತ ಹೆಚ್ಚು ನಡೆಯೋ ತಪ್ಪು ಇನ್ನೊಂದಿದೆ. ಅಂಗಡೀಲಿ 124/80 ಬಂತು ಅಂತ ಜನ ಮಾತ್ರೆ ಬಿಡ್ತಾರೆ. ಮಾತ್ರೆಯಿಂದಲೇ ಇಳಿದಿರೋದು ಅಂತ ಅಲ್ಲೇ ಹೇಳಬೇಕು, ಅದನ್ನ ಹೇಳೋಕೇ ಕೌಂಟರಲ್ಲಿ ಫಾರ್ಮಸಿಸ್ಟ್ ಇರಬೇಕು ಅಂತ ನಾನು ಹೇಳ್ತಿರೋದು.

ಫಾತಿಮಾ: ಶುಗರ್ ನೋಡೋದಾದ್ರೆ ಸೋಪಲ್ಲಿ ಕೈ ತೊಳೆಸಿ, ಪೂರ್ತಿ ಒಣಗಲಿ. ಹಣ್ಣು ತಿಂದ ಬೆರಳಲ್ಲಿ ರಸ ಇದ್ರೆ ಸುಳ್ಳೇ ಹೆಚ್ಚು ಬರುತ್ತೆ. ಒಬ್ಬೊಬ್ಬರಿಗೂ ಹೊಸ ಲ್ಯಾನ್ಸೆಟ್ (ಬೆರಳಿಗೆ ಚುಚ್ಚೋ ಸೂಜಿ). ಚುಚ್ಚೋ ಪೆನ್ನನ್ನ ಒಬ್ಬರಿಂದ ಒಬ್ಬರಿಗೆ ಬಳಸಿದ್ರೆ ಹೆಪಟೈಟಿಸ್ ಬಿ ಹರಡಬಹುದು. ಶುಗರ್ ನೋಡೋ ಸ್ಟ್ರಿಪ್ ಡಬ್ಬಿ ಮುಚ್ಚಳ ತೆರೆದಿಟ್ರೆ ಮಳೆಗಾಲದ ತೇವಕ್ಕೆ ಕೆಡುತ್ತೆ. ಬಳಸಿದ ಲ್ಯಾನ್ಸೆಟ್ ಕಸದ ಬುಟ್ಟಿಗೆ ಹಾಕಿದ್ರೆ ಕಸ ಆಯೋ ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ. 2016ರ ನಿಯಮದ ಪ್ರಕಾರ ಚುಚ್ಚಿದ್ರೂ ತೂತಾಗದ ಬಿಳಿ ಡಬ್ಬಿ, ಅದನ್ನ ಒಯ್ಯೋಕೆ ವೈದ್ಯಕೀಯ ತ್ಯಾಜ್ಯ ಘಟಕದ ವ್ಯವಸ್ಥೆ. ಅದಿಲ್ಲ ಅಂದ್ರೆ ಚುಚ್ಚಲೇಬೇಡ ನಾಗರಾಜ. ಇದು ಬರೀ ಅನುಮಾನ ಇರೋರನ್ನ ಗುರುತಿಸೋ ಮೊದಲ ಪರೀಕ್ಷೆ, ಮಧುಮೇಹ ಹೌದೋ ಅಲ್ವೋ ಅಂತ ಹೇಳಬೇಕಾದ್ದು ಲ್ಯಾಬು.

ಶೋಭಾ ಲೆಸ್ಟರ್: ಲಸಿಕೆ ವಿಷಯಕ್ಕೆ ಆತುರ ಬೇಡ. 2ರಿಂದ 8 ಡಿಗ್ರಿ ಅಂತ ಎಲ್ರಿಗೂ ಗೊತ್ತು, ಆದರೆ ಬಿಸಿಗಿಂತ ಮೋಸ ಮಾಡೋದು ಹೆಪ್ಪುಗಟ್ಟೋದು. ಮನೆ ಫ್ರಿಜ್ಜಲ್ಲಿ ಫ್ರೀಜರ್ ತಟ್ಟೆಗೆ ತಾಗಿದ ಹೆಪಟೈಟಿಸ್ ಬಿ ಲಸಿಕೆ ಒಮ್ಮೆ ಹೆಪ್ಪಾದ್ರೆ ಕೆಲಸಕ್ಕೆ ಬಾರದು, ಕರಗಿದ ಮೇಲೆ ಬರೀ ನೋಡಿ ಹೇಳೋದು ಕಷ್ಟ. ಇನ್ಸುಲಿನ್‌ಗೂ ಅದೇ. ಚುಚ್ಚಿದ ಮೇಲೆ ಅಲರ್ಜಿ ಆದ್ರೆ ಅಡ್ರಿನಲಿನ್ ಇಂಜೆಕ್ಷನ್ ಕೈಯಳತೇಲಿ ಇರಬೇಕು, ಕೊಡಲು ತರಬೇತಿ ಆಗಿರಬೇಕು.

ಮಂಜ: ಅಪಾರ್ಟ್‌ಮೆಂಟಿನೋರು ಕೇಳ್ತಿದ್ದಾರೆ, ಯಾವ ಅಂಗಡಿಗೆ ಆಧಾರ್ ತರಬೇಕು ಅಂತ.

ಶಿವಣ್ಣ ಸರ್: ಮಂಜುನಾಥ, ಮೊದಲು ಅಲ್ಲಿ ಅಳಿಸು. ನಾಗರಾಜ, ನೀನೂ.

ನಾಗರಾಜ ಮತ್ತೀಕೆರೆ: ಅಳಿಸ್ತೀನಿ ಸರ್. ಶೋಭಾ ಬರೆದದ್ದನ್ನೇ ಅಂಗಡಿಯೋರ ಗ್ರೂಪಿಗೂ ಹಾಕ್ತೀನಿ, ದೊಡ್ಡ ಕಫ್ ನಾಳೇನೇ ಆರ್ಡರ್ ಮಾಡ್ತೀನಿ. ಆದ್ರೆ ಬಾಡಿಗೆ ಸರ್ಟಿಫಿಕೇಟ್ ಅಂತ ಹೇಳಿದ್ದು ಯಾರಿಗೆ, ಲೋಕೇಶ ಇಲ್ಲೇ ಹೇಳಲಿ.

ಲೋಕೇಶ: ನಿನಗಲ್ಲ.

ನಾಗರಾಜ ಮತ್ತೀಕೆರೆ: ಮತ್ತೆ ಯಾರಿಗೆ? ಈ ಗ್ರೂಪಲ್ಲಿ ಇದ್ದಾರಾ?

ಲೋಕೇಶ: ಫೋನ್ ಮಾಡು.